ಮಹಾಮನೆಯಿಂದ ಮಂಟಪದವರೆಗೆ : ಶರಣ ಸಮಾಜ ರೂಪುಗೊಂಡ ಬಗೆ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಭವ್ಯವಾದ ಸಭೆಯ ಚಿತ್ರ. ನಡುವೆ ಶೂನ್ಯಸಿಂಹಾಸನ, ಅದರ ಮೇಲೆ ಅಲ್ಲಮಪ್ರಭುದೇವರು, ಸುತ್ತಲೂ ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ, ಮಡಿವಾಳ ಮಾಚಯ್ಯ ಮೊದಲಾದ ಶರಣಗಣ. ಮಠಗಳ ಗೋಡೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಮನೆಯ ಕ್ಯಾಲೆಂಡರುಗಳಲ್ಲಿ ನಾವು ಚಿಕ್ಕಂದಿನಿಂದ ಕಂಡು ಬೆಳೆದ ಚಿತ್ರವಿದು. ಜಗತ್ತಿನ ಮೊದಲ ಸಂಸತ್ತು ಎಂದು ಅದನ್ನು ಭಾಷಣಕಾರರು ವರ್ಣಿಸುವುದುಂಟು. 2021ರಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2024ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ವಚನಗಳನ್ನು ಮತ್ತೆ ಮತ್ತೆ ಓದುತ್ತ ಬಂದವನಿಗೆ ಒಂದು ಪ್ರಶ್ನೆ ಏಳದೆ ಇರದು. ಶರಣರ ಸಮಾಜವು ಮಂಟಪದಿಂದ ಹುಟ್ಟಿತೆ? ಅಥವಾ ಶರಣರ ದಿನನಿತ್ಯದ ಬಾಳುವೆಯಿಂದ ತಾನೇ ತಾನಾಗಿ ಮೂಡಿದ ಸಮಾಜಕ್ಕೆ ಮುಂದಿನವರು ಮಂಟಪವೆಂಬ ಆಕಾರವನ್ನು ಕೊಟ್ಟರೆ?

ಅನುಭವ ಮಂಟಪವೆಂಬ ಕಟ್ಟಡವು ಇತ್ತೋ ಇರಲಿಲ್ಲವೋ ಎಂಬ ಐತಿಹಾಸಿಕ ವಾದವನ್ನು ಇಲ್ಲಿ ಎತ್ತಿಕೊಂಡಿಲ್ಲ. ವಿದ್ವಾಂಸರಲ್ಲಿ ಆ ಚರ್ಚೆ ನಡೆದಿದೆ, ನಡೆಯಲಿ. ನನ್ನ ಜಿಜ್ಞಾಸೆ ಸಾಹಿತ್ಯಕ್ಕೆ ಸಂಬಂಧಿಸಿದ್ದು. ಒಂದು ಸಮಾಜವು ಹೇಗೆ ರೂಪುಗೊಳ್ಳುತ್ತದೆ ಎಂಬ ವಿಷಯದಲ್ಲಿ ವಚನಗಳು ಏನು ಹೇಳುತ್ತವೆ, ಶೂನ್ಯಸಂಪಾದನೆ ಏನು ಹೇಳುತ್ತದೆ, ಇವೆರಡರ ನಡುವೆ ಇರುವ ಅಂತರವು ಯಾವುದು ಎಂಬುದಷ್ಟೆ ಇಲ್ಲಿನ ವಿಚಾರ. ಈ ಪತ್ರಿಕೆಯ ವಾಚಕರಿಗೆ ವಚನಗಳು ಕಂಠಸ್ಥವಾಗಿರುವುದರಿಂದ ಪಾಠಗಳನ್ನು ಉದ್ಧರಿಸದೆ ಅವುಗಳ ಭಾವವನ್ನು ಮಾತ್ರ ಸ್ಮರಿಸುತ್ತ ಹೋಗುತ್ತೇನೆ.

ಸಮಾಜದ ಹುಟ್ಟನ್ನು ಕುರಿತು ಸಾಮಾನ್ಯವಾಗಿ ಎರಡು ಬಗೆಯ ಕಲ್ಪನೆಗಳಿವೆ. ಮಹಾಪುರುಷನೊಬ್ಬನು ಬಂದು, ಕಟ್ಟಳೆಗಳನ್ನು ವಿಧಿಸಿ, ಸಂಸ್ಥೆಯೊಂದನ್ನು ಸ್ಥಾಪಿಸುತ್ತಾನೆ. ಜನರು ಅದರೊಳಗೆ ಸೇರಿಕೊಳ್ಳುತ್ತಾರೆ ಎಂಬುದು ಒಂದು. ಜನರು ಒಬ್ಬರನ್ನೊಬ್ಬರು ಕಾಣುತ್ತ, ಮಾತನಾಡಿಸುತ್ತ, ಕೊಟ್ಟು ಕೊಳ್ಳುತ್ತ ಇರುವಾಗ ಅವರ ನಡುವೆ ಎಳೆಗಳು ಹೆಣೆದುಕೊಳ್ಳುತ್ತವೆ, ಆ ಎಳೆಗಳೇ ಗಟ್ಟಿಯಾಗಿ ಮುಂದೆ ಸಂಸ್ಥೆಯೆನಿಸುತ್ತವೆ ಎಂಬುದು ಇನ್ನೊಂದು. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ (1858–1918) ಈ ಎರಡನೆಯ ವಿಚಾರವನ್ನು 1908ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ವಿವರಿಸಿದ್ದಾನೆ. ರಾಜ್ಯ, ಧರ್ಮಸಂಸ್ಥೆ, ವ್ಯಾಪಾರಿ ಸಂಘ ಮುಂತಾದ ದೊಡ್ಡ ರಚನೆಗಳು ಮಾತ್ರವೇ ಸಮಾಜವಲ್ಲ. ಜನರು ಒಬ್ಬರ ಮುಖವನ್ನೊಬ್ಬರು ನೋಡುವುದು, ಕೂಡಿ ಉಣ್ಣುವುದು, ಪತ್ರ ಬರೆಯುವುದು, ದಾರಿಯನ್ನು ಕೇಳುವುದು ಇಂಥ ಸಣ್ಣ ಸಣ್ಣ ವ್ಯವಹಾರಗಳೇ ಕ್ಷಣಕ್ಷಣಕ್ಕೂ ಸಮಾಜವನ್ನು ನೇಯುತ್ತಿರುತ್ತವೆ ಎಂಬುದು ಅವನ ಮತ. ಈ ಮಾತನ್ನು ಓದಿದಾಗ ನನಗೆ ಹೊಸತೆನಿಸಲಿಲ್ಲ. ನಮ್ಮ ವಚನಕಾರರು ಇದನ್ನು ಶಾಸ್ತ್ರವಾಗಿ ಹೇಳಿದವರಲ್ಲ; ಬಾಳಿ ತೋರಿಸಿದವರು.

ಬಾಗಿಲಿನಿಂದಲೇ ಪ್ರಾರಂಭಿಸೋಣ. ಮನೆಗೆ ಬಂದವರ ಕ್ಷೇಮವನ್ನು ವಿಚಾರಿಸದ, ಕುಳಿತುಕೊಳ್ಳಲು ಹೇಳದ ಮನೆಯೊಡೆಯನನ್ನು ಬಸವಣ್ಣನವರು ಕಠಿಣವಾಗಿ ಗದರಿಸುವ ವಚನವು ಪ್ರಸಿದ್ಧವಾಗಿದೆ. ಮೂಗು ಕೊಯ್ಯುವ ಶಿಕ್ಷೆಯ ಮಾತಿನವರೆಗೂ ಅದು ಹೋಗುತ್ತದೆ. ಶಿಷ್ಟಾಚಾರದ ಇಷ್ಟು ಸಣ್ಣ ಲೋಪಕ್ಕೆ ಇಷ್ಟು ಉಗ್ರವಾದ ಮಾತೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರವು ಸರಳವಾಗಿದೆ. ಬಸವಣ್ಣನವರ ದೃಷ್ಟಿಯಲ್ಲಿ ಅದು ಸಣ್ಣ ಲೋಪವಲ್ಲ. ದಾನ ಮಾಡಲು ಧನ ಬೇಕು, ಶಾಸ್ತ್ರ ಹೇಳಲು ವಿದ್ಯೆ ಬೇಕು; ಬಂದವರನ್ನು ಮಾತನಾಡಿಸಲು ಮನಸ್ಸೊಂದು ಸಾಕು. ಬಡವನೂ ಮಾಡಬಹುದಾದ ಆ ಒಂದು ಕಾರ್ಯದಲ್ಲಿಯೇ ಸಮಾಜದ ಮೊದಲ ಎಳೆ ಇದೆ. ಅದು ಕಡಿದರೆ ಮೇಲಿನ ಯಾವ ನೇಯ್ಗೆಯೂ ನಿಲ್ಲುವುದಿಲ್ಲ. ಅಗುಳೊಂದನ್ನು ಕಂಡ ಕಾಗೆಯು ತನ್ನ ಬಳಗವನ್ನು ಕರೆಯುವ ದೃಷ್ಟಾಂತವನ್ನು ಅವರು ಕೊಡುವುದೂ ಇದೇ ಅರ್ಥದಲ್ಲಿ. ಬಳಗವಿದ್ದುದರಿಂದ ಕಾಗೆ ಕರೆಯುತ್ತದೆ ಎಂಬುದು ನಿಜ. ಆದರೆ ದಿನವೂ ಕರೆಯುವುದರಿಂದಲೇ ಅದು ಬಳಗವಾಗಿ ಉಳಿದಿದೆ ಎಂಬುದೂ ಅಷ್ಟೇ ನಿಜ.

ಎರಡನೆಯದು, ಕರೆಯುವ ಬಗೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಕಿನ್ನರಿ ಬೊಮ್ಮಯ್ಯ ಇವರನ್ನು ತಮ್ಮ ಮನೆತನದ ಹಿರಿಯರ, ಒಡಹುಟ್ಟಿದವರ ಸ್ಥಾನದಲ್ಲಿಟ್ಟು ಬಸವಣ್ಣನವರು ತಮ್ಮ ವಂಶಾವಳಿಯನ್ನು ಹೊಸದಾಗಿ ಹೇಳಿಕೊಳ್ಳುತ್ತಾರೆ. ಇದನ್ನು ಕೇವಲ ವಿನಯದ ಮಾತೆಂದು ವ್ಯಾಖ್ಯಾನಿಸಿದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನಮ್ಮ ನಾಡಿನಲ್ಲಿ ಸಂಬಂಧವಾಚಕ ಪದವು ಬರಿಯ ಪದವಲ್ಲ. ಒಬ್ಬರನ್ನು ಅಣ್ಣನೆಂದು ಕರೆದಮೇಲೆ ಅವರು ಬಂದಾಗ ಎದ್ದು ನಿಲ್ಲಬೇಕು. ಅಪ್ಪನೆಂದಮೇಲೆ ಅವರ ಮಾತನ್ನು ಕೇಳಬೇಕು. ಕರೆಯು ನಡತೆಯನ್ನು ಬೇಡುತ್ತದೆ. ನಡತೆಯು ಸಂಬಂಧವನ್ನು ನಿಜಗೊಳಿಸುತ್ತದೆ. ಉಡುತಡಿಯಿಂದ ಒಬ್ಬಳೇ ಹೊರಟ ಮಹಾದೇವಿಯು ಕಲ್ಯಾಣದಲ್ಲಿ ಎಲ್ಲರಿಗೂ 'ಅಕ್ಕ'ನಾದಳು. ಆ ಹೆಸರನ್ನು ಯಾವ ಸಭೆಯೂ ನಿರ್ಣಯ ಮಾಡಿ ಕೊಟ್ಟುದಲ್ಲ. ಎಂಟು ನೂರು ವರ್ಷಗಳ ತರುವಾಯವೂ ಅದು ಅಳಿದಿಲ್ಲ.

ಮೂರನೆಯದು ಕಾಯಕ. ಕಾಯಕವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರಹಗಳು ಬಂದಿವೆ. ಶ್ರಮದ ಗೌರವ, ಸ್ವಾವಲಂಬನೆ, ಸತ್ಯಶುದ್ಧತೆ ಇವುಗಳನ್ನು ಎಲ್ಲರೂ ಎತ್ತಿ ಹೇಳಿದ್ದಾರೆ. ಆದರೆ ಕಾಯಕವು ಜನರನ್ನು ಜನರ ಬಳಿಗೆ ಕೊಂಡೊಯ್ಯುವ ದಾರಿಯೂ ಆಗಿತ್ತೆಂಬುದನ್ನು ಸಾಕಷ್ಟು ಗಮನಿಸಿದಂತಿಲ್ಲ. ಅಂಬಿಗರ ಚೌಡಯ್ಯನ ದೋಣಿಯಲ್ಲಿ ಎಲ್ಲ ಕುಲದವರೂ ಕುಳಿತುಕೊಳ್ಳಲೇಬೇಕು. ಮಡಿವಾಳ ಮಾಚಯ್ಯನ ಕೈಗೆ ಎಲ್ಲ ಶರಣರ ಬಟ್ಟೆಯೂ ಬರುತ್ತದೆ. ನುಲಿಯ ಚಂದಯ್ಯನ ಹಗ್ಗವು ಕೊಳ್ಳುವವರ ಮನೆಯನ್ನು ಸೇರುತ್ತದೆ; ಕದಿರ ರೆಮ್ಮವ್ವೆಯ ನೂಲು ನೇಯುವವರ ಕೈ ಸೇರುತ್ತದೆ; ತುರುಗಾಹಿ ರಾಮಣ್ಣನು ಊರವರ ದನಗಳನ್ನು ಕಾಯುತ್ತಾನೆ; ವೈದ್ಯ ಸಂಗಣ್ಣನು ರೋಗಿಯ ನಾಡಿಯನ್ನು ಹಿಡಿಯುತ್ತಾನೆ. ಹೀಗೆ ಒಬ್ಬರ ದುಡಿಮೆ ಇನ್ನೊಬ್ಬರ ಅಗತ್ಯವಾಗಿ, ಆ ದುಡಿಮೆಯ ಫಲವು ದಾಸೋಹವಾಗಿ ಹರಿದು, ಯಾರೂ ಯೋಜನೆ ಹಾಕಿ ನಿರ್ಮಿಸದ ಒಂದು ಜಾಲವು ತಾನಾಗಿ ಹರಡಿತು. ಬಸವಣ್ಣನವರಿಗಿಂತ ಹಿರಿಯರೆಂದು ವಿದ್ವಾಂಸರು ಭಾವಿಸುವ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ರಾಮನಾಥನನ್ನು ನೆನೆದಾಗ ಕಲ್ಯಾಣದ ಮಹಾಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಎಳೆಗಳು ಮೊದಲು, ಮನೆ ಅನಂತರ, ಮಂಟಪವು ಎಲ್ಲಕ್ಕೂ ಕೊನೆಗೆ.

ಈ ಜಾಲಕ್ಕೆ ವಚನಗಳಲ್ಲಿಯೇ ಒಂದು ಲಿಖಿತ ಸಾಕ್ಷ್ಯವಿದೆ. ಅದೆಂದರೆ ಅಂಕಿತ. ಅಂಕಿತವನ್ನು ನಾವು ಕರ್ತೃವನ್ನು ಗುರುತಿಸುವ ಸಾಧನವೆಂದು ಮಾತ್ರ ಬಳಸಿಕೊಳ್ಳುತ್ತೇವೆ. ಸ್ವಲ್ಪ ನಿಂತು ನೋಡಿದರೆ ಅದು ಸಂಬಂಧಗಳ ನಕ್ಷೆಯೂ ಆಗಿದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಅವನ ಮಡದಿ ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅಕ್ಕನಾಗಮ್ಮನವರದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಹಡಪದ ಅಪ್ಪಣ್ಣನದು ಬಸವಪ್ರಿಯ ಕೂಡಲಚೆನ್ನಬಸವಣ್ಣ. ಅವನ ಹೆಂಡತಿ ಲಿಂಗಮ್ಮನದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಇಲ್ಲಿ ದೇವರ ಹೆಸರಿನೊಡನೆ ಮನುಷ್ಯರ ಹೆಸರೂ ಬೆರೆತಿದೆ. ನಾನು ದೇವರನ್ನು ಕಂಡುದು ಇಂಥವರ ಮೂಲಕ ಎಂದು ಪ್ರತಿ ವಚನದ ಕೊನೆಗೂ ಒಪ್ಪಿಕೊಂಡಂತಾಗಿದೆ. ಅಪ್ಪಣ್ಣನು ಪಂಡಿತನಲ್ಲ, ತಾಂಬೂಲದ ಸಂಚಿಯನ್ನು ಹಿಡಿದು ಬಸವಣ್ಣನವರ ಸನಿಹದಲ್ಲಿದ್ದವನು. ದಿನವೂ ಹತ್ತಿರವಿದ್ದುದೇ ಅವನ ದೀಕ್ಷೆಯಾಯಿತು. ಆ ಎಳೆಯೇ ಮುಂದೆ ಲಿಂಗಮ್ಮನವರೆಗೆ ಚಾಚಿತು. ಇದಕ್ಕೆ ವ್ಯತಿರಿಕ್ತವಾಗಿ ಚೌಡಯ್ಯನು ಯಾರ ಹೆಸರನ್ನೂ ಯಾವ ದೇವರ ಹೆಸರನ್ನೂ ಹಿಡಿಯದೆ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಅವನಿಗೂ ಈ ಬಳಗದಲ್ಲಿ ಸ್ಥಳವಿತ್ತು. ಎಲ್ಲರೂ ಒಂದೇ ನಮೂನೆಯಲ್ಲಿ ಕಟ್ಟಿಕೊಳ್ಳಬೇಕೆಂಬ ನಿಯಮವು ಅಲ್ಲಿರಲಿಲ್ಲವೆಂಬುದಕ್ಕೆ ಬೇರೆ ಪ್ರಮಾಣವು ಬೇಕಿಲ್ಲ.

ಇನ್ನು ಶೂನ್ಯಸಂಪಾದನೆಗೆ ಬರೋಣ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿದ ಈ ಮಹಾಕೃತಿಯನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು ಹಾಗೂ ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿ ಬೆಳೆಸಿದರು. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ಬಿಡಿ ವಚನಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ, ಗದ್ಯದ ಕೊಂಡಿಗಳನ್ನು ಹಾಕಿ, ಪ್ರಭುದೇವರ ಶೂನ್ಯಸಿಂಹಾಸನಾರೋಹಣದ ಎತ್ತರಕ್ಕೆ ಕಥೆಯನ್ನು ಕೊಂಡೊಯ್ದ ಅವರ ಪ್ರತಿಭೆಯು ಅಸಾಧಾರಣವಾದುದು. ಜಗತ್ತಿನ ಸಂವಾದ ಸಾಹಿತ್ಯದಲ್ಲಿ ಇದಕ್ಕೆ ಹಿರಿಯ ಸ್ಥಾನವಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹಾಗಿದ್ದರೂ ಒಂದು ಮಾತನ್ನು ಹೇಳಬೇಕಾಗಿದೆ. ಈ ಜೋಡಣೆಯಿಂದ ನಾವು ಪಡೆದುದೂ ಉಂಟು, ಕಳೆದುಕೊಂಡುದೂ ಉಂಟು. ಪಡೆದುದು ಚಿತ್ರದ ಸಮಗ್ರತೆ. ಕಳೆದುಕೊಂಡುದು ಬಾಳಿನ ಸಡಿಲವಾದ ಸಹಜತೆ. ಹೊಲದಲ್ಲಿ, ಮಗ್ಗದಲ್ಲಿ, ಹೊಳೆಯ ದಡದಲ್ಲಿ ಆಡಿದ ಮಾತುಗಳೆಲ್ಲ ಸಿಂಹಾಸನದ ಮುಂದೆ ಆಡಿದ ಮಾತುಗಳಂತೆ ಕೇಳತೊಡಗಿದುವು.

ಆದರೆ ಈ ಕೃತಿಯನ್ನು ಗಮನವಿಟ್ಟು ಓದಿದರೆ, ಸಿಂಹಾಸನದ ಕಥೆಯೊಳಗೇ ಮನೆಯ ಕಥೆಯು ಅಡಗಿಕೊಂಡು ಉಸಿರಾಡುತ್ತಿರುವುದು ಕಾಣುತ್ತದೆ. ಪ್ರಭುದೇವರು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದಾಗ ಏನಾಯಿತು? ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು, ಕರೆತರಲು ಅಪ್ಪಣ್ಣನನ್ನು ಕಳುಹಿಸಿದರು, ಪ್ರಭುಗಳು ಒಳಗೆ ಬರಲೊಪ್ಪಲಿಲ್ಲ. ಮಹಾ ತತ್ತ್ವಚರ್ಚೆಯು ಪ್ರಾರಂಭವಾಗುವುದು ಬಂದವರನ್ನು ಬಾಗಿಲಿಗೆ ಬಂದು ಎದುರುಗೊಳ್ಳಲಿಲ್ಲವೆಂಬ ಒಂದು ಮನೆಯ ಮಾತಿನಿಂದ! ಅತಿಥಿಯನ್ನು ಮಾತನಾಡಿಸದವನನ್ನು ಗದರಿಸಿದ ಬಸವಣ್ಣನವರೇ ಇಲ್ಲಿ ಗದರಿಸಿಕೊಳ್ಳುವವರಾದರು. ನಿಯಮವನ್ನು ಹೇಳಿದವನಿಗೂ ಅದು ಅನ್ವಯಿಸುತ್ತದೆ. ಬಾಗಿಲ ಬಳಿ ನಿಂತವನಿಗೆ ಅದನ್ನು ನೆನಪಿಸುವ ಹಕ್ಕಿದೆ.

ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೋಡಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಮ್ಮೆ ಪ್ರಭುಗಳ ಅನುಭಾವದ ಮಾತಿನಲ್ಲಿ ಮೈಮರೆತು ಅವನು ಕಾಯಕವನ್ನು ಮರೆತನು. ಅವನನ್ನು ಎಚ್ಚರಿಸಿದವಳು ಮಡದಿ ಲಕ್ಕಮ್ಮ. ಅವಸರದಲ್ಲಿ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳೂ ಅವಳೇ. ಸಭೆಯು ಎಷ್ಟೇ ದೊಡ್ಡದಾಗಿರಲಿ, ಅಲ್ಲಿ ಕುಳಿತವನು ಒಲೆಯ ಮುಂದೆ ಕುಳಿತವಳಿಗೆ ಉತ್ತರ ಕೊಡಬೇಕಾಗಿತ್ತು. ಮೋಳಿಗೆಯ ಮಾರಯ್ಯನ ಕಥೆಯೂ ಇದೇ ಜಾತಿಯದು. ಕಟ್ಟಿಗೆ ಮಾರಿ ಬದುಕುವ ಅವನ ಬಡತನವನ್ನು ಕಂಡು ಬಸವಣ್ಣನವರು ಮರೆಯಲ್ಲಿ ಹೊನ್ನನ್ನಿಟ್ಟು ಬಂದರೆ, ಅವನು ಅದನ್ನು ತನಗೆಂದು ಉಳಿಸಿಕೊಳ್ಳದೆ ಜಂಗಮಕ್ಕೆ ಹಂಚಿಬಿಟ್ಟನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಕಾಯಕವನ್ನು ಬಿಡದ ನುಲಿಯ ಚಂದಯ್ಯನ ಪ್ರಸಂಗದಲ್ಲಿ ಲಿಂಗವೂ ಕಾಯಕಕ್ಕೆ ಒಳಪಡಬೇಕಾಗುತ್ತದೆ.

ಈ ಮೂರೂ ಪ್ರಸಂಗಗಳಿಗೆ ಒಂದು ಸಮಾನಾಂಶವಿದೆ. ಮೊದಲನೆಯದು ಜ್ಞಾನದ ಸಭೆಗೆ, ಎರಡನೆಯದು ದಾನಿಯ ಔದಾರ್ಯಕ್ಕೆ, ಮೂರನೆಯದು ಪೂಜೆಗೂ ಒಂದು ಮೇರೆಯನ್ನು ಗೊತ್ತುಪಡಿಸುತ್ತದೆ. ಬಸವಣ್ಣನವರ ಮಹಾಮನೆ ಕೇಂದ್ರವಾಗಿತ್ತು ನಿಜ; ಆದರೆ ಎಲ್ಲ ಎಳೆಗಳನ್ನೂ ತನ್ನ ಗೂಟಕ್ಕೆ ಕಟ್ಟಿಕೊಳ್ಳುವ ಕೇಂದ್ರವಾಗಿರಲಿಲ್ಲ. ಬಂದ ಹೊನ್ನನ್ನು ಉಳಿಸಿಕೊಳ್ಳದವನು, ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸುವವಳು, ಬಾಗಿಲಲ್ಲಿ ನಿಂತು ಪ್ರಶ್ನಿಸುವವನು ಇರುವ ತನಕ ಆ ಸಮಾಜವು ಯಾರೊಬ್ಬರ ಸೊತ್ತೂ ಆಗಲಾರದು. ಇದು ಸಂವಿಧಾನದಿಂದ ಬಂದ ಸಮತೆಯಲ್ಲ. ದಿನದಿನದ ನಡೆಯಿಂದ ಬಂದ ಸಮತೆ.

ಈ ರಚನೆಯ ಬಲವು ಯಾವುದೆಂಬುದನ್ನು ಕಲ್ಯಾಣದ ದುರಂತವೇ ತೋರಿಸಿಕೊಟ್ಟಿತು. ಕೂಡಿ ಉಣ್ಣುವುದನ್ನು, ಕೂಡಿ ದುಡಿಯುವುದನ್ನು ಸಹಿಸಿಕೊಂಡ ಲೋಕವು ಕೂಡಿ ಬೀಗರಾಗುವುದನ್ನು ಸಹಿಸಲಿಲ್ಲ. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ತರುವಾಯ ನಡೆದ ಘೋರವನ್ನು ಪರಂಪರೆಯು ಮರೆತಿಲ್ಲ. ಶರಣರು ಚೆದುರಿದರು, ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರು. ಮಂಟಪವೇ ಸಮಾಜವಾಗಿದ್ದಲ್ಲಿ ಎಲ್ಲವೂ ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಓಲೆಗರಿಗಳು ಮನೆಯಿಂದ ಮನೆಗೆ, ಮಠದಿಂದ ಮಠಕ್ಕೆ ಸಾಗಿದುವು. ವಿಜಯನಗರದ ಕಾಲದಲ್ಲಿ ವಿರಕ್ತರು ಅವುಗಳನ್ನು ಅರಸಿ, ಪ್ರತಿಮಾಡಿ, ವ್ಯಾಖ್ಯಾನಿಸಿ ಉಳಿಸಿದರು. ಫ. ಗು. ಹಳಕಟ್ಟಿಯವರು ಅಂಥ ಗರಿಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1993ರಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಾಗಿ ಜನರ ಕೈಗೆ ಬಂದಿತು. ಊರು ಉರಿದರೂ ಎಳೆ ಸುಡಲಿಲ್ಲ. ಮಠಗಳು ಆ ಎಳೆಯನ್ನು ಕಾಪಾಡಿದ ಉಪಕಾರವನ್ನು ಇಲ್ಲಿ ಸ್ಮರಿಸಲೇಬೇಕು. ಸಂಸ್ಥೆಗಳು ಬೇಡವೆಂಬುದು ನನ್ನ ವಾದವಲ್ಲ. ಸಂಸ್ಥೆಯು ಎಳೆಯನ್ನು ಕಾಯಬಲ್ಲುದು, ತಾನೇ ಎಳೆಯಾಗಲಾರದು ಎಂಬುದಷ್ಟೇ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಅರ್ಧಸತ್ಯವಾದೀತು. ದಿನನಿತ್ಯದ ನಡೆಯು ಸಮಾಜವನ್ನು ಕಟ್ಟುವಂತೆಯೇ ಕೆಡಿಸಲೂ ಬಲ್ಲುದು. ಮಡಿವಾಳ, ಹಡಪದ, ಅಂಬಿಗ, ಜೇಡ ಇವು ಶರಣರಿಗಿಂತ ಮುಂಚೆ ಕುಲದ ಹೆಸರುಗಳಾಗಿದ್ದುವು. ಶರಣರು ಅವನ್ನು ಕಾಯಕದ ಹೆಸರುಗಳನ್ನಾಗಿ ಮಾಡಿ, ಬಿರುದಿನಂತೆ ಧರಿಸಿದರು. ಅನಂತರದ ಶತಮಾನಗಳಲ್ಲಿ ಅವೇ ಹೆಸರುಗಳು ಮತ್ತೆ ಕುಲದ ಹೆಸರುಗಳಾದುವು. ಯಾವ ಅರಸನ ಶಾಸನವೂ, ಯಾವ ಸಭೆಯ ನಿರ್ಣಯವೂ ಇದಕ್ಕೆ ಕಾರಣವಲ್ಲ. ಯಾರ ಮನೆಗೆ ಉಣ್ಣಲು ಹೋಗಬೇಕು, ಯಾರಿಂದ ಹೆಣ್ಣು ತರಬೇಕು, ಯಾರನ್ನು ಜಗುಲಿಯವರೆಗೆ ಮಾತ್ರ ಕರೆಯಬೇಕು ಎಂಬ ಸಣ್ಣ ಸಣ್ಣ ತೀರ್ಮಾನಗಳು ತಲೆಮಾರುಗಳುದ್ದಕ್ಕೂ ಪುನರಾವೃತ್ತಿಗೊಂಡು ಗೋಡೆಯಾದುವು. ಬಳಗವನ್ನು ನೇಯ್ದ ಮಗ್ಗದಲ್ಲಿಯೇ ಬೇಲಿಯನ್ನೂ ನೇಯ್ದೆವು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದೆ ಹಳ್ಳಿಯೊಂದರ ಜಾತ್ರೆಯ ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದೆ. ನನ್ನ ಪಕ್ಕಕ್ಕೆ ನನ್ನದೇ ತರಗತಿಯ ಹುಡುಗನೊಬ್ಬನು ಬಂದು ಕುಳಿತ. ಬಡಿಸುತ್ತ ಬಂದ ಹಿರಿಯರು ಅವನನ್ನು ನೋಡಿ, "ತಮ್ಮಾ, ನೀವು ಯಾರ ಪೈಕಿ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ; ರೂಢಿಯ ಪ್ರಶ್ನೆ. ಹುಡುಗನು ಉತ್ತರ ಕೊಡಲಿಲ್ಲ. ಎಲೆಯನ್ನು ಅಲ್ಲಿಯೇ ಬಿಟ್ಟು ಎದ್ದು, ಕೊನೆಯ ಸಾಲಿಗೆ ಹೋಗಿ ಕುಳಿತ. ಬಂದವನನ್ನು ಯಾರವನೆಂದು ಕೇಳದೆ ತಮ್ಮ ಮನೆಯ ಮಗನೆಂದು ಎಣಿಸುವಂತೆ ಬಸವಣ್ಣನವರು ಬೇಡಿಕೊಳ್ಳುವ ವಚನವನ್ನು ಅದೇ ವಾರ ನಾನು ಅವನಿಗೆ ಪಾಠ ಮಾಡಿದ್ದೆ. ಅವನು ತಪ್ಪಿಲ್ಲದೆ ಒಪ್ಪಿಸಿದ್ದ. ಹಿರಿಯರ ಪ್ರಶ್ನೆಗೆ "ನಮ್ಮ ಪೈಕಿ" ಎಂಬ ಎರಡು ಪದಗಳ ಉತ್ತರವನ್ನು ನಾನು ಕೊಡಬಹುದಾಗಿತ್ತು. ಕೊಡಲಿಲ್ಲ. ತಲೆ ತಗ್ಗಿಸಿ ಉಂಡೆ. ಆ ದಿನ ಬೇಲಿಗೆ ಒಂದು ಎಳೆಯನ್ನು ನಾನೂ ಹಾಕಿದೆ. ವಚನದ ಅರ್ಥವು ನನಗೆ ತಿಳಿದಿರಲಿಲ್ಲವೆಂದಲ್ಲ. ಅದು ತರಗತಿಯ ಮಾತೆಂದು, ಪಂಕ್ತಿಯ ಮಾತಲ್ಲವೆಂದು ಒಳಗೊಳಗೇ ನಂಬಿದ್ದೆ.

ಆದ್ದರಿಂದ ವಚನ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಶೂನ್ಯಸಂಪಾದನೆಯನ್ನು ಓದುವಾಗ ಸಿಂಹಾಸನದ ಕಡೆಗೆ ನೋಡಿ. ಅದರೊಡನೆ ಬಾಗಿಲು, ಅಂಗಳ, ಒಲೆ, ಹುಲ್ಲುಗಾವಲು ಇವುಗಳ ಕಡೆಗೂ ನೋಡಿ. ವಚನವೊಂದು ಎದುರಾದಾಗ ಅದರ ತತ್ತ್ವವೇನೆಂದು ಕೇಳುವ ಮೊದಲು, ಯಾರು ಯಾರಿಗೆ ಏನು ಮಾಡುವಾಗ ಆಡಿದ ಮಾತಿದು ಎಂದು ಕೇಳಿ. ಕಲ್ಯಾಣದಲ್ಲಿ ಏಳಬೇಕಾದ ಮಂಟಪವು ಏಳಲಿ. ಅದು ನಾಡಿಗೆ ಭೂಷಣ. ಆದರೆ ಅಲ್ಲಿಗೆ ಹೋಗಿ ಬಂದ ಯಾತ್ರಿಕನು ಸಂಜೆ ತನ್ನೂರಿನಲ್ಲಿ ಉಣ್ಣಲು ಕುಳಿತಾಗ ಪಕ್ಕಕ್ಕೆ ಬಂದ ಅಪರಿಚಿತನಿಗೆ ಏನು ಹೇಳುತ್ತಾನೆ ಎಂಬುದರಲ್ಲಿಯೇ ಶರಣ ಸಮಾಜವು ಇನ್ನೂ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ.